ಮೂರನೇ ತರಗತಿಯ ಮುಚ್ಚಿದ ಪೆಟ್ಟಿಗೆ

ಮುಚ್ಚಿದ ಪೆಟ್ಟಿಗೆಯೊಳಗೆ ಎಷ್ಟಿದೆಯೆಂದು ಬಲ್ಲವನು ಭಗವಂತನೊಬ್ಬನೇ. ಆದರೆ ಮೂರನೇ ತರಗತಿಯ ಮೇಷ್ಟ್ರು, ತುಂಬಿದ ಕ್ಲಾಸಿನ ಮುಂದೆ ನಿಂತು, "ಇದರೊಳಗೆ ಎಷ್ಟಿದೆ ಅಂತ ಗೊತ್ತಿರೋದು ಒಬ್ಬನಿಗೆ ಮಾತ್ರ. ನನಗೆ" ಎಂದುಬಿಟ್ಟರು. ಮನುಷ್ಯ ಆಡಬಾರದ ಮಾತುಗಳು ಕೆಲವಿರುತ್ತವೆ. ಇದು ಅವುಗಳಲ್ಲೊಂದು ಎಂದು ತಿಳಿಯಲು ಅವರಿಗೆ ಹತ್ತು ದಿನ ಬೇಕಾಯಿತು.

ಮೇಷ್ಟ್ರು ಕೆಟ್ಟವರಲ್ಲ. ಮರೆವು ಮಾತ್ರ ಸ್ವಲ್ಪ ಜಾಸ್ತಿ. ಒಮ್ಮೆ ರಜೆಯ ದಿನ ಶಾಲೆಗೆ ಹೋಗಿ, ಗಂಟೆಯನ್ನು ತಾವೇ ಬಾರಿಸಿ, ಕ್ಲಾಸಿನಲ್ಲಿ ಯಾರೂ ಇಲ್ಲದ್ದನ್ನು ಕಂಡು, ಇಪ್ಪತ್ತಮೂರು ಮಕ್ಕಳಿಗೂ ಗೈರುಹಾಜರಿ ಹಾಕಿ ಮನೆಗೆ ಬಂದವರು. ಊಟದ ಡಬ್ಬಿಯನ್ನು ಅವರು ಮನೆಯಲ್ಲಿ ಬಿಟ್ಟುಹೋಗುವುದು ಎಷ್ಟು ಕ್ರಮವಾಗಿತ್ತೆಂದರೆ, ಅದನ್ನು ಮರೆವು ಎನ್ನುವುದಕ್ಕಿಂತ ಏರ್ಪಾಡು ಎನ್ನುವುದೇ ಸರಿ. ಪ್ರತಿ ಮಧ್ಯಾಹ್ನ ಅವರ ಅತ್ತೆ, ಎಂದರೆ ಹೆಂಡತಿಯ ತಾಯಿ, ಡಬ್ಬಿ ಹಿಡಿದು ಬೀದಿಯುದ್ದಕ್ಕೂ ನಡೆದು ಬಂದು, ಕ್ಲಾಸಿನ ಮೇಜಿನ ಮೇಲಿಟ್ಟು ಹೋಗುವರು. ದಾರಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಕ್ಷೇಮ ಕೇಳುವರು. ಕೇಳುತ್ತಲೇ ಅವರ ಕಾಲರ್ ಸರಿಮಾಡಿ, ಅಂಗಿಯ ಮುಂಭಾಗವನ್ನು ಅಂಗೈಯಿಂದ ನೀವಿ ಕಳಿಸುವರು. ನಲವತ್ತು ವರ್ಷ ದರ್ಜಿಯ ಹೆಂಡತಿಯಾಗಿ ಬಾಳಿದ ಕೈ, ಸುಮ್ಮನಿರು ಎಂದರೆ ಇದ್ದೀತೇ.

ಆ ದರ್ಜಿ, ಮೇಷ್ಟ್ರ ಮಾವ, ತೀರಿಕೊಂಡು ವರ್ಷವಾಗಿತ್ತು. ಬೀದಿಯ ಬಟ್ಟೆಯೆಲ್ಲ ಅವರು ಹೊಲಿದದ್ದೇ. ಯೌವನದಲ್ಲಿ ಯಾವುದೋ ಗಳಿಗೆಯಲ್ಲಿ ಕಂದು ಬಣ್ಣದ ನಾಲ್ಕು ತೂತಿನ ಗುಂಡಿಗಳನ್ನು ಒಂದು ಮೂಟೆ ತಂದಿದ್ದರಂತೆ. ಅಲ್ಲಿಂದಾಚೆ ಅಂಗಿಗೂ ಕೋಟಿಗೂ ಕೂಸಿನ ಲಂಗಕ್ಕೂ ಅದೇ ಗುಂಡಿ. ಮೂಟೆ ಮುಗಿಯುವ ಮೊದಲು ಮಾವ ಮುಗಿದರು. ಗುಂಡಿ ಇನ್ನೂ ಮನೆಯಲ್ಲಿತ್ತು.

ಮೇಷ್ಟ್ರದು ಒಂಬತ್ತು ವರ್ಷದ ತಾತ್ಕಾಲಿಕ ನೌಕರಿ. ಪ್ರತಿ ವರ್ಷ ಶಾಲೆ ಮುಚ್ಚುವ ದಿನ ಕೆಲಸ ಹೋಗುವುದು, ತೆರೆಯುವ ದಿನ ಮತ್ತೆ ಬರುವುದು. ನಡುವಿನ ರಜೆಯಲ್ಲಿ ಮನೆಯವರು ಅವರ ಮುಖವನ್ನೇ ನೋಡುತ್ತ ಕೂರುವುದು. ಹೀಗಿರುವಾಗ ಹಿಂದಿನ ತಿಂಗಳು ಶಾಲೆಯ ದೊಡ್ಡ ಮೇಡಂ, ಬೇರೆ ಯಾರೂ ಬಿಡುವಾಗಿಲ್ಲವೆಂದು, ಇವರನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಎಳೆಯ ಮಕ್ಕಳಿಗೆ ಬೀಜಗಣಿತದ ಯೋಚನೆ ಕಲಿಸುವುದು ಹೇಗೆ ಎಂಬ ತರಬೇತಿ. ಅಕ್ಷರ, ಚಿಹ್ನೆ ಯಾವುದೂ ಬೇಡ. ಮಗುವಿನ ಮುಂದೆ ಒಂದು ಮುಚ್ಚಿದ ಪೆಟ್ಟಿಗೆ ಇಡಿ, ಒಂದು ತಕ್ಕಡಿ ಇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೆಯೇ ಮುಟ್ಟಿ ನೋಡಲು, ಅದರ ಜೊತೆ ಲೆಕ್ಕ ಮಾಡಲು ಮಗು ಕಲಿಯಲಿ, ಎಂದು ಅಲ್ಲಿ ಹೇಳಿದರು. ಊಟದ ಮುಂಚಿನದು ಮೇಷ್ಟ್ರಿಗೆ ಅರ್ಥವಾಯಿತು. ಊಟದ ನಂತರದ್ದಕ್ಕೆ ನಿದ್ರೆ ಬಂತು. ಹಿಂದಿರುಗಿದವರು ಅರ್ಥವಾದದ್ದಕ್ಕೆ ಹತ್ತರಷ್ಟು ಸೇರಿಸಿ ದೊಡ್ಡ ಮೇಡಂಗೆ ವರ್ಣಿಸಿದರು. ಅವರು ಅದಕ್ಕೆ ಇನ್ನಷ್ಟು ಸೇರಿಸಿ ಮೇಲಿನ ಕಚೇರಿಗೆ ಬರೆದರು. ಇನ್‌ಸ್ಪೆಕ್ಟರ್ ಸಾಹೇಬರಿಂದ ಉತ್ತರ ಬಂತು: ಬರುವ ಸೋಮವಾರದಿಂದ ಪಾಠ ಆರಂಭವಾಗಲಿ, ಹತ್ತನೆಯ ದಿನ, ಅಂದರೆ ಮರುವಾರದ ಶುಕ್ರವಾರ, ನಾವೇ ಬಂದು ನೋಡಿ, ಸದರಿ ಶಿಕ್ಷಕರನ್ನು ಕಾಯಂ ಮಾಡುವುದೋ ಬಿಡುವುದೋ ಅಲ್ಲಿಯೇ ಬರೆದು ಹೋಗುತ್ತೇವೆ.

ಮೇಷ್ಟ್ರ ಹೆಂಡತಿ ಆ ಕಾಗದವನ್ನು ಎರಡು ಸಲ ಓದಿದರು. "ಹತ್ತು ದಿನ ಏನೂ ಮರೀಬೇಡಿ. ಅಷ್ಟೇ ನಾನು ಕೇಳೋದು."

"ನಾನೇನು ಮರೀತೀನಿ?" ಎಂದರು ಮೇಷ್ಟ್ರು, ಪಾಪ, ಮನಃಪೂರ್ವಕವಾಗಿ.

ಭಾನುವಾರ ಅವರು ಕಿರಾಣಿ ಅಂಗಡಿಯವರ ಹಳೆಯ ತಕ್ಕಡಿಯನ್ನು ಹೊತ್ತು ತಂದರು. ಎಣಿಸುವುದಕ್ಕೆ ಮಾವನ ಮೂಟೆಯ ಗುಂಡಿ ಎರಡು ಬೊಗಸೆ. ಎಲ್ಲವೂ ಒಂದೇ ತೂಕ, ಇನ್ನೇನು ಬೇಕು. ಪೆಟ್ಟಿಗೆ ಬೇಕಿತ್ತು. ಅಟ್ಟದ ಮೇಲೆ ಕೈಯಾಡಿಸಿದಾಗ ಅಂಗೈಯಗಲದ ಒಂದು ಮರದ ಪೆಟ್ಟಿಗೆ ಸಿಕ್ಕಿತು, ಮಾವನದು. ಒಳಗೆ ದಾರದ ತುಂಡುಗಳ ಸಮೇತ ಒಂದಷ್ಟು ಗುಂಡಿಗಳೂ ಇದ್ದವು. ಅತ್ತೆ ಆಚೆ ಜಗಲಿಯಲ್ಲೇ ಕೂತಿದ್ದರು. ಒಂದು ಮಾತು ಕೇಳಬಹುದಿತ್ತು. ಇಷ್ಟು ಪುಟ್ಟ ಪೆಟ್ಟಿಗೆಗೆ ಕೇಳುವುದೇನು ಎಂದುಕೊಂಡರು.

ಪೆಟ್ಟಿಗೆಯನ್ನು ಖಾಲಿ ಮಾಡಿ, ಅದರ ತೂಕಕ್ಕೆ ಸರಿಯಾದ ಒಂದು ಕಲ್ಲನ್ನು ಅಂಗಳದಲ್ಲಿ ಹುಡುಕಿ, ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ 'ಖಾಲಿ' ಎಂದು ಬರೆದರು. ಆಮೇಲೆ ಆ ಗುಂಡಿಗಳನ್ನು ಒಂದೊಂದಾಗಿ ಎಣಿಸುತ್ತ ಒಳಗೆ ಹಾಕತೊಡಗಿದರು. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಒಳಗಿನಿಂದ ಹೆಂಡತಿ, "ರೀ, ನಲ್ಲಿ ಬಿಟ್ಟೇ ಬಂದಿದ್ದೀರಲ್ಲ, ಬಕೆಟ್ಟು ತುಂಬಿ ನೀರು ಅಡುಗೆಮನೆಗೆ ಬಂತು" ಎಂದರು. ಮೇಷ್ಟ್ರು ಉಳಿದದ್ದನ್ನು ಒಟ್ಟಿಗೆ ಸುರಿದು ಓಡಿದರು. ನೀರೆಲ್ಲ ಒರೆಸಿ ಬಂದು, ಮುಚ್ಚಳಕ್ಕೆ ಅಂಟು ಹಾಕಿ, ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ರುಜು ಹಾಕಿದರು. ಒಳಗೆ ಎಷ್ಟು ಹೋಯಿತೆಂಬುದು ನೀರಿನ ಜೊತೆಗೇ ಹರಿದುಹೋಗಿತ್ತು.

ಮೊದಲ ದಿನ ಪಾಠ ಚೆನ್ನಾಗಿಯೇ ಆಯಿತು. ಒಂದು ತಟ್ಟೆಯಲ್ಲಿ ಪೆಟ್ಟಿಗೆ, ಅದರ ಪಕ್ಕ ಮೂರು ಗುಂಡಿ. ಇನ್ನೊಂದರಲ್ಲಿ ಖಾಲಿ ಎಂಬ ಕಲ್ಲು. ಕಲ್ಲಿನ ಪಕ್ಕ ಮಕ್ಕಳು ಒಂದೊಂದೇ ಗುಂಡಿ ಇಡುತ್ತ ಹೋದರು. ಹತ್ತನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು.

ಅಂಗಡಿಯವರ ಮಗಳು ಎದ್ದು ನಿಂತಳು. ಅವಳಿಗೆ ಶಾಲೆಯಲ್ಲಿ ಎಣಿಕೆಪುಟ್ಟಿ ಎಂದು ಹೆಸರು. ಮೆಟ್ಟಿಲು, ಕಿಟಕಿಯ ಸರಳು, ಮೇಷ್ಟ್ರು ಕೆಮ್ಮುವ ಸಂಖ್ಯೆ, ಯಾವುದನ್ನೂ ಎಣಿಸದೆ ಬಿಡುವವಳಲ್ಲ. "ಈ ಕಡೆಯಿಂದ ಮೂರು ತೆಗೀತೀನಿ ಸಾರ್. ಹಾಗಾದ್ರೆ ಆ ಕಡೆಯಿಂದಲೂ ಮೂರು ತೆಗೀಬೇಕು. ಇಲ್ಲದಿದ್ರೆ ಅದಕ್ಕೆ ಮೋಸ ಆಗುತ್ತೆ. ಉಳಿದದ್ದು ಏಳು. ಒಳಗಿರೋದು ಏಳು."

ತೆರೆಯದೆ, ಅಲ್ಲಾಡಿಸದೆ, ಒಂದು ಮಗು ಒಳಗಿನದನ್ನು ಹೇಳಿತ್ತು. "ಸರಿ" ಎಂದರು ಮೇಷ್ಟ್ರು, ಗಂಭೀರವಾಗಿ. ಅವರಿಗೂ ಗೊತ್ತಾದದ್ದು ಆಗಲೇ.

ಮಂಗಳವಾರ ಮತ್ತೆ ತೂಗಿದರು. ಒಳಗೆ ಎಂಟು ಎಂದು ಬಂತು.

"ನಿನ್ನೆ ಏಳು ಸರಿ ಅಂದ್ರಿ" ಎಂದಳು ಎಣಿಕೆಪುಟ್ಟಿ.

ಮೇಷ್ಟ್ರು ಎರಡನೆಯ ಸಲ ತೂಗಿಸಿದರು. ಎಂಟೇ. ಇಪ್ಪತ್ತಮೂರು ಜೊತೆ ಕಣ್ಣುಗಳು ಅವರ ಬಾಯಿಯ ಮೇಲಿದ್ದವು. "ಅದು... ಲೆಕ್ಕ ಸ್ವಲ್ಪ ಕಷ್ಟ ಆಗಲಿ ಅಂತ ನಾನೇ ಒಂದು ಹಾಕಿದೆ."

ಹುಡುಗಿ ಪೆಟ್ಟಿಗೆಯ ಹತ್ತಿರ ಮೂಗು ತಂದು ನೋಡಿದಳು. "ಕಾಗದ ಹರಿದಿಲ್ಲ ಸಾರ್. ನಿಮ್ಮ ರುಜು ಹಾಗೇ ಇದೆ."

"ಮೇಷ್ಟ್ರು ಅಂದಮೇಲೆ ಅಷ್ಟೂ ಬರದಿದ್ದರೆ ಹೇಗೆ" ಎಂದರು ಅವರು.

ಮಕ್ಕಳು ನಂಬಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: ಮೂರನೇ ಕ್ಲಾಸಿನ ಮೇಷ್ಟ್ರ ಕೈ ಮರದ ಹಲಗೆಯೊಳಗೆ ತೂರುತ್ತದೆ. ಅವರು ಅಂಗಡಿಗೆ ಹೋದಾಗ ಅಂಗಡಿಯವರು ತೂಕಕ್ಕೆ ಮೇಲೆ ಇನ್ನೊಂದು ಹಿಡಿ ಕಾಳು ಹಾಕಿಕೊಟ್ಟು, ದನಿ ಇಳಿಸಿ, "ಮೇಷ್ಟ್ರೇ, ಆ ಹಳೇ ತಕ್ಕಡಿ ವಾಪಸ್ ಕೊಟ್ಟುಬಿಡಿ. ಅದು ಏನೇನೋ ಹೇಳುತ್ತೆ ಅಂತ ನಮ್ಮ ಹುಡುಗಿ ಅಂತಿದ್ಲು. ಅದು ನಮ್ಮಪ್ಪನ ಕಾಲದ್ದು, ಅದರ ಮಾತು ನಂಬಬೇಡಿ" ಎಂದರು.

ಬುಧವಾರ ಒಂಬತ್ತು.

ಈ ಸಲ ಮೇಷ್ಟ್ರು, ಮುಳ್ಳು ನೆಟ್ಟಗೆ ನಿಂತದ್ದನ್ನು ನೋಡುತ್ತ, ಎದೆಯ ಮೇಲೆ ಕೈಯಿಟ್ಟುಕೊಂಡರು. ಅಲ್ಲಿ ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಎಂದಿನಿಂದ ಇರಲಿಲ್ಲವೋ, ನೆನಪಾಗಲಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ದೊಡ್ಡ ಮೇಡಂ ಕಾಣಿಸಿಕೊಂಡರು. ಅವರದೊಂದು ತೋಳಿಲ್ಲದ ಜಾಕೀಟು. ಹದಿನೈದು ವರ್ಷದಿಂದ ಅದರ ಗುಂಡಿ ಒಂದೂ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಈಗ ನಡುವೆ ಒಂದು ಜಾಗ ಬಾಯಿ ಬಿಟ್ಟಿತ್ತು. "ನನ್ನದೊಂದು ಗುಂಡಿ ಯಾರಾದ್ರೂ ನೋಡಿದ್ರಾ? ನಿನ್ನೆ ಮಧ್ಯಾಹ್ನ ಇತ್ತು" ಎಂದರು.

ಇಪ್ಪತ್ತಮೂರು ಮಕ್ಕಳೂ ಒಟ್ಟಿಗೆ ತಿರುಗಿ ಪೆಟ್ಟಿಗೆಯನ್ನು ನೋಡಿದರು. ಯಾರೂ ಕೈ ತೋರಿಸಲಿಲ್ಲ, ಪಿಸುಗುಡಲಿಲ್ಲ. ಸುಮ್ಮನೆ ನೋಡಿದರು. ದೊಡ್ಡ ಮೇಡಂ ಕೂಡ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಜಾಕೀಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಟುಹೋದರು.

ಗುರುವಾರ ಹತ್ತು. ಮಕ್ಕಳಿಗೆ ಭಯ ಎಂಬುದಿಲ್ಲ. ಅವರು ಬೋರ್ಡಿನ ಮೇಲೆ ಸಾಲು ಹಾಕಿದರು. ಒಂದನೇ ದಿನ ಏಳು, ಎರಡನೇ ದಿನ ಎಂಟು, ಮೂರನೇ ದಿನ ಒಂಬತ್ತು, ನಾಲ್ಕನೇ ದಿನ ಹತ್ತು. ಹಿಂದಿನ ಬೆಂಚಿನವನೊಬ್ಬ, "ಎಷ್ಟನೇ ದಿನವೋ ಅದಕ್ಕೆ ಆರು ಸೇರಿಸಿದ್ರೆ ಆಯ್ತು" ಎಂದ. ಇನ್ನೊಬ್ಬಳು, "ಹಾಗಾದ್ರೆ ಸಾಹೇಬ್ರು ಬರೋ ಹತ್ತನೇ ದಿನ ಹದಿನಾರು" ಎಂದಳು. ಬೇರೆ ದಿನವಾಗಿದ್ದರೆ ಮೇಷ್ಟ್ರು ಕುಣಿದಾಡುತ್ತಿದ್ದರು. ಬೀಜಗಣಿತದ ಯೋಚನೆಯೆಂದರೆ ಇದೇ ಅಲ್ಲವೇ: ಇನ್ನೂ ಬಾರದ ದಿನವನ್ನು ನಿಯಮದಿಂದ ಮುಟ್ಟುವುದು. ಅವರು ಕುರ್ಚಿಯ ತುದಿಯಲ್ಲಿ ಕೂತು, "ಹೌದಪ್ಪಾ, ಹೌದು" ಎಂದಷ್ಟೇ ಹೇಳಿದರು.

"ಮುಂದಕ್ಕೆ ಹೋದ ಹಾಗೆ ಹಿಂದಕ್ಕೂ ಹೋಗಬಹುದಾ ಸಾರ್?" ಎಂದಳು ಎಣಿಕೆಪುಟ್ಟಿ. ಉತ್ತರಕ್ಕೆ ಕಾಯದೆ ಸೀಮೆಸುಣ್ಣ ಹಿಡಿದಳು. "ಸೋಮವಾರ ಏಳು. ಅದರ ಹಿಂದಿನ ಶುಕ್ರವಾರ ಆರು. ಗುರುವಾರ ಐದು, ಬುಧವಾರ ನಾಲ್ಕು, ಮಂಗಳವಾರ ಮೂರು, ಸೋಮವಾರ ಎರಡು. ಅದಕ್ಕೂ ಹಿಂದಿನ ಶುಕ್ರವಾರ ಒಂದು. ಗುರುವಾರ ಏನೂ ಇಲ್ಲ." ಕೈ ಒರೆಸಿಕೊಂಡು ತಿರುಗಿದಳು. "ಆ ಗುರುವಾರ ಯಾರೋ ಶುರು ಮಾಡಿದ್ದಾರೆ ಸಾರ್. ಯಾರು?"

ಹೊರಗೆ ಬೆಳ್ಳನೆಯ ಬಿಸಿಲು. ಆಟದ ಬಯಲಿನಲ್ಲಿ ಒಂದು ಹಕ್ಕಿಯೂ ಇರಲಿಲ್ಲ. "ಕೂತ್ಕೋ ಮಗೂ" ಎಂದರು ಮೇಷ್ಟ್ರು.

ಸಂಜೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಬೆರಳಿಟ್ಟು ಹಿಂದಕ್ಕೆ ಎಣಿಸಿದರು. ಆ ಗುರುವಾರದ ಸುತ್ತ ಹೆಂಡತಿ ಪೆನ್ಸಿಲಿನಿಂದ ಒಂದು ವೃತ್ತ ಎಳೆದಿದ್ದರು.

"ಇದೇನು ಈ ದಿನ?"

"ಮರೆತ್ರಾ?" ಎಂದರು ಹೆಂಡತಿ ಅಡುಗೆಮನೆಯಿಂದ. "ಅಪ್ಪ ಹೋಗಿ ವರ್ಷ ತುಂಬಿದ ದಿನ."

ಮೂಲೆಯಲ್ಲಿ ಮಾವನ ಹೊಲಿಗೆ ಯಂತ್ರ ಬಟ್ಟೆ ಹೊದ್ದು ಕೂತಿತ್ತು. ಗೋಡೆಯ ಮೊಳೆಯಿಂದ ಅಳತೆಯ ಪಟ್ಟಿ ನೇತಾಡುತ್ತಿತ್ತು. ಮೇಷ್ಟ್ರು ಅವೆರಡಕ್ಕೂ ಬೆನ್ನು ಹಾಕದಂತೆ, ಪಕ್ಕಕ್ಕೆ ಪಕ್ಕಕ್ಕೆ ನಡೆಯುತ್ತ ಕೋಣೆಯಿಂದ ಹೊರಬಂದರು. ಅಂಗಿಯ ಖಾಲಿ ಜಾಗಕ್ಕೆ ಒಂದು ಪಿನ್ನು ಚುಚ್ಚಿಕೊಂಡರು.

ಶುಕ್ರವಾರ ಹನ್ನೊಂದು. ಎರಡು ದಿನ ರಜೆ. ಸೋಮವಾರ ಬಂದು ತೂಗಿದರೆ ಹನ್ನೆರಡು. "ನಮಗೆ ರಜೆ ಇದ್ರೆ ಅದಕ್ಕೂ ರಜೆ ಸಾರ್" ಎಂದರು ಮಕ್ಕಳು. ಅದೊಂದು ಸಮಾಧಾನದ ಸಂಗತಿಯೆಂಬಂತೆ.

ಬೀದಿಯವರಿಗೆ ಸಮಾಧಾನವಿರಲಿಲ್ಲ. ದಿನಕ್ಕೊಬ್ಬರ ಗುಂಡಿ ಹೋಗುತ್ತಿತ್ತು. ಅಂಚೆಯವನದು ಹೋಯಿತು. ಕ್ಷೌರದಂಗಡಿಯವನದು ಹೋಯಿತು. ಬಿದ್ದ ಗುಂಡಿ ನೆಲದಲ್ಲಿ ಸಿಕ್ಕರೆ ಅದೊಂದು ಮಾತು, ಒಂದೂ ಸಿಗಲಿಲ್ಲ. ಜನ ಎದೆಯ ಮೇಲೆ ಅಂಗೈ ಒತ್ತಿಕೊಂಡು ಓಡಾಡತೊಡಗಿದರು. ದೂರದಿಂದ ನೋಡಿದರೆ ಇಡೀ ಬೀದಿಯೇ ಯಾರಿಗೋ ಮಾತು ಕೊಡುತ್ತಿರುವ ಹಾಗೆ ಕಾಣುತ್ತಿತ್ತು. ಶಾಲೆಯ ಮುಂದೆ ಬಂದಾಗ ಎರಡೂ ಕೈ ಒತ್ತಿಕೊಳ್ಳುವರು. ಕೈಚೀಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವರು. ಮಕ್ಕಳಂತೂ ಮನೆಯಲ್ಲಿ ಊಟಕ್ಕೆ ಕೂತು, "ಅಪ್ಪಾ, ನಿನ್ನ ಅಂಗಿಗೆ ಆರು ಗುಂಡಿ. ಈಗ ಕಾಣೋದು ಐದು. ಕಾಣದೇ ಇರೋದು ಎಲ್ಲಿದೆ ಅಂತ ನಮಗೆ ಗೊತ್ತು" ಎಂದು ಶಾಂತವಾಗಿ ಹೇಳುತ್ತಿದ್ದವು. ಅಂಥ ಅಪ್ಪಂದಿರಿಗೆ ಊಟ ಸೇರುವುದು ಹೇಗೆ?

ಮಂಗಳವಾರ ಹದಿಮೂರು ಬಂದ ಮಧ್ಯಾಹ್ನ, ಮೇಷ್ಟ್ರ ಪಕ್ಕದ ಮನೆಯ ನಿವೃತ್ತ ಹವಾಲ್ದಾರರು ಕ್ಲಾಸಿಗೆ ಬಂದರು. ಹೊಟ್ಟೆ ಮುಂದೆ, ಮೀಸೆ ಅದಕ್ಕಿಂತ ಮುಂದೆ. "ಎಲ್ಲಿದೆ ಆ ಪೆಟ್ಟಿಗೆ? ಒಂದೇ ಏಟಿಗೆ ಒಡೆದು ಹಾಕ್ತೀನಿ."

"ಒಡೆಯೋ ಹಾಗಿಲ್ಲ" ಎಂದರು ಮೇಷ್ಟ್ರು ಬೆವರುತ್ತ. "ಶುಕ್ರವಾರ ಸಾಹೇಬರು ನೋಡಬೇಕು. ನನ್ನ ಕೆಲಸದ ಪ್ರಶ್ನೆ ಸ್ವಾಮಿ."

ಹವಾಲ್ದಾರರು ಬಗ್ಗಿ ಪೆಟ್ಟಿಗೆಗೆ ಕಿವಿಯಿಟ್ಟರು. ಊಟದ ಹೊತ್ತು, ಮಕ್ಕಳೆಲ್ಲ ಹೊರಗೆ. ಕೊಠಡಿಯಲ್ಲಿ ನೊಣ ಹಾರಿದರೂ ಕೇಳುವಷ್ಟು ಮೌನ. ಅವರ ಮೀಸೆ ನಿಧಾನವಾಗಿ ಇಳಿಯಿತು.

"ಏನು ಕೇಳಿಸುತ್ತೆ?"

"ಏನೂ ಇಲ್ಲ" ಎಂದರು ಹವಾಲ್ದಾರರು. "ಆದರೆ ಮೇಷ್ಟ್ರೇ, ಏನೂ ಇಲ್ಲದ ಹಾಗೆ ಇಲ್ಲ. ಯಾರೋ ಸುಮ್ಮನೆ ಕೂತ ಹಾಗೆ ಇದೆ."

ಬಾಗಿಲಲ್ಲಿ ಅತ್ತೆ ಡಬ್ಬಿ ಹಿಡಿದು ಬಂದರು. "ಏನಪ್ಪಾ ಹವಾಲ್ದಾರಾ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ? ಎಷ್ಟು ಬೆವರಿದ್ದೀಯ ನೋಡು" ಎಂದು ಅವರ ಕಾಲರ್ ಸರಿಮಾಡಿ, ಅಂಗಿ ನೀವಿ, ಬೆನ್ನು ತಟ್ಟಿದರು. ಹವಾಲ್ದಾರರು ಅಷ್ಟರಲ್ಲೇ ಧೈರ್ಯ ತಂದುಕೊಂಡು ಹೊರಟರು. ಗೇಟಿನ ಹತ್ತಿರ ಹೋದಾಗ ಹೊಟ್ಟೆಗೆ ಗಾಳಿ ತಾಗಿತಂತೆ. ಅಲ್ಲಿಂದ ಅವರು ಮನೆ ಸೇರಿದ ವೇಗವನ್ನು ನೌಕರಿಯಲ್ಲಿದ್ದಾಗ ತೋರಿಸಿದ್ದರೆ ಸುಬೇದಾರರಾಗಿ ನಿವೃತ್ತರಾಗುತ್ತಿದ್ದರು.

ಬುಧವಾರ ಹದಿನಾಲ್ಕು. ದೊಡ್ಡ ಮೇಡಂ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿದರು. ಜಾಕೀಟಿನ ಮೇಲೆ ಒಂದು ಶಾಲು, ಶಾಲಿನ ಮೇಲೆ ಎರಡೂ ಕೈ.

"ಇದನ್ನ ನಿಲ್ಲಿಸಿ. ಪೋಷಕರು ಬಂದು ಕೂತಿದ್ದಾರೆ."

"ನಿಲ್ಲಿಸಿದರೆ ಸಾಹೇಬರಿಗೆ ಏನು ತೋರಿಸಲಿ ಮೇಡಂ?"

"ಒಳಗೆ ಎಷ್ಟಿದೆ ಅಂತ ನಿಮಗೆ ನಿಜವಾಗ್ಲೂ ಗೊತ್ತಾ?"

ಒಂಬತ್ತು ವರ್ಷ ಆ ಕೋಣೆಯಲ್ಲಿ 'ಗೊತ್ತು ಮೇಡಂ' ಎಂದೇ ಹೇಳಿ ಬದುಕಿದವರು ಅವರು. ಆ ದಿನವೂ ಹಾಗೇ ಹೇಳಿದರು. ಮೇಡಂ ಬಹಳ ಹೊತ್ತು ಅವರ ಪಿನ್ನನ್ನು ನೋಡಿದರು. "ಆಗಲಿ. ಶುಕ್ರವಾರದವರೆಗೆ. ರಾತ್ರಿ ಕ್ಲಾಸಿನ ಬೀಗದ ಕೈ ನನ್ನ ಹತ್ತಿರ ಇರುತ್ತೆ."

ಗುರುವಾರ ಹದಿನೈದು. ಆ ಮಧ್ಯಾಹ್ನ ಡಬ್ಬಿ ಬರಲಿಲ್ಲ. ಅತ್ತೆಗೆ ಮಂಡಿನೋವು, ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು ಹೆಂಡತಿ ಹೇಳಿಕಳಿಸಿದ್ದರು. ಮೇಷ್ಟ್ರು ಎರಡು ಬಾಳೆಹಣ್ಣು ತಿಂದು, ಪೆಟ್ಟಿಗೆಯ ಎದುರು ಕೂತು, ಅದನ್ನೇ ನೋಡುತ್ತಿದ್ದರು. ಅವರಿಗೆ ಒಂದು ಯೋಚನೆ ಬಂತು. ದೇವರನ್ನೂ ಮನುಷ್ಯ ಹೀಗೇ ಅಲ್ಲವೇ ತೂಗುತ್ತ ಬಂದದ್ದು. ತೆರೆಯದೆ, ಈ ಕಡೆಯ ತಟ್ಟೆಯಲ್ಲಿ ತನ್ನ ಕಲ್ಲು ಇಟ್ಟುಕೊಂಡು. ಯೋಚನೆ ದೊಡ್ಡದಾಗಿತ್ತು, ಹೊಟ್ಟೆ ಖಾಲಿಯಿತ್ತು. ಅವರಿಗೆ ತೂಕಡಿಕೆ ಬಂತು.

ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಿಳಿದರು. ಎತ್ತರದ ಆಸಾಮಿ, ಕಡುನೀಲಿ ಕೋಟು. ಮುಖದಲ್ಲಿ ನಗು ಎಂಬುದು ಮಂಜೂರಾಗಿರಲಿಲ್ಲ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಎಣಿಕೆಪುಟ್ಟಿಯ ತುಟಿ ಅಲ್ಲಾಡುತ್ತಿತ್ತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು, ಹಾಳೆ ಬಿಚ್ಚಿ, "ನಡೀಲಿ" ಎಂದರು. ದೊಡ್ಡ ಮೇಡಂ ಬಾಗಿಲಲ್ಲಿ ನಿಂತರು. ಕಿಟಕಿಯ ಆಚೆ ಹವಾಲ್ದಾರರು, ಅಂಗಡಿಯವರು, ಇನ್ನೂ ಹತ್ತು ಜನ, ಎಲ್ಲರ ಕೈಯೂ ಎದೆಯ ಮೇಲೆ.

"ಇವತ್ತು ಒಳಗೆ ಎಷ್ಟಿರಬೇಕು?" ಎಂದರು ಮೇಷ್ಟ್ರು.

"ಹದಿನಾರು" ಎಂದವು ಇಪ್ಪತ್ತಮೂರು ಬಾಯಿ, ಒಂದೇ ಸಮನೆ, ಪ್ರಾರ್ಥನೆಯ ಕೊನೆಯ ಸಾಲಿನ ಹಾಗೆ.

ಪೆಟ್ಟಿಗೆಯ ಪಕ್ಕ ನಾಲ್ಕು ಗುಂಡಿ ಇಟ್ಟರು. ಕಲ್ಲಿನ ಪಕ್ಕ ಒಂದೊಂದೇ ಇಡುತ್ತ ಹೋದರು. ಹತ್ತೊಂಬತ್ತಕ್ಕೆ ಮುಳ್ಳು ಇನ್ನೂ ವಾಲಿತ್ತು. ಇಪ್ಪತ್ತಕ್ಕೆ ನೆಟ್ಟಗೆ ನಿಂತಿತು. ಕಿಟಕಿಯಾಚೆ ಯಾರೋ ಉಸಿರು ಒಳಕ್ಕೆಳೆದುಕೊಂಡರು.

ಸಾಹೇಬರು ಬರೆದುಕೊಂಡರು. "ಚೆನ್ನಾಗಿದೆ. ಮಕ್ಕಳು ತೆರೆಯದೆ ಹೇಳಿದರು. ನೀವು ಹಾಕಿದ್ದೂ ಹದಿನಾರೇ ಏನು?"

ಹತ್ತು ದಿನದ ಭಾರ ಮೇಷ್ಟ್ರ ನಾಲಿಗೆಯ ಮೇಲೆ ಬಂದು ಕೂತಿತು. ಹೌದು ಎಂದರೆ ಕೆಲಸ ಕಾಯಂ. ಅವರು ಮಕ್ಕಳತ್ತ ನೋಡಿದರು. ಒಂದು ಕಡೆಯಿಂದ ತೆಗೆದರೆ ಇನ್ನೊಂದು ಕಡೆಯಿಂದಲೂ ತೆಗೆಯಬೇಕು, ಇಲ್ಲದಿದ್ದರೆ ಮೋಸ ಎಂದವರು ಇವರೇ.

"ನನಗೆ ಗೊತ್ತಿಲ್ಲ ಸಾರ್" ಎಂದರು ಮೇಷ್ಟ್ರು. "ಮೊದಲ ದಿನವೂ ಗೊತ್ತಿರಲಿಲ್ಲ. ನಲ್ಲಿ ಬಿಟ್ಟು ಬಂದಿದ್ದೆ, ಎಣಿಕೆ ತಪ್ಪಿತು. ಆಮೇಲೆ ಒಂದೂ ನಾನು ಹಾಕಿಲ್ಲ. ದಿನಕ್ಕೊಂದು ಹೆಚ್ಚುತ್ತಿದೆ. ಯಾಕೆ ಅಂತ ತಿಳಿಯದು."

ದೊಡ್ಡ ಮೇಡಂ ಕಣ್ಣು ಮುಚ್ಚಿಕೊಂಡರು. ಸಾಹೇಬರ ಪೆನ್ನು ನಿಂತಿತು. "ಗೊತ್ತಿಲ್ಲದ್ದನ್ನ ಹತ್ತು ದಿನ ಕಲಿಸಿದ್ರಾ?"

"ಅದೇ ಸಾರ್ ಪಾಠ" ಎಂದಳು ಎಣಿಕೆಪುಟ್ಟಿ, ಮೇಷ್ಟ್ರ ಪರವಾಗಿ. "ಗೊತ್ತಿರೋದನ್ನ ಕಲಿಯೋಕೆ ಪೆಟ್ಟಿಗೆ ಯಾಕೆ ಬೇಕು?"

ಸಾಹೇಬರು ಎದ್ದು ಬಂದು ಕಾಗದದ ಪಟ್ಟಿ ಹರಿದರು. ಅಂಟು ಬಿಟ್ಟ ಮುಚ್ಚಳ ಕಿರ್ರೆಂದಿತು. ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸಿದರು. ಹದಿನಾರು. ಒಂದೊಂದರಲ್ಲೂ ಹಳೆಯ ದಾರದ ಚೂರು ಇತ್ತು: ಬಿಳಿ, ಖಾಕಿ, ಕಂದು. ಕೊನೆಯದರಲ್ಲಿ ಕಡುನೀಲಿ.

ಸಾಹೇಬರು ಆ ನೀಲಿ ದಾರವನ್ನು ನೋಡಿದರು. ನಿಧಾನವಾಗಿ ತಲೆ ತಗ್ಗಿಸಿ ತಮ್ಮ ಕೋಟನ್ನು ನೋಡಿಕೊಂಡರು.

"ಬರುವಾಗ ನಾಲ್ಕಿತ್ತು ಸಾರ್" ಎಂದಳು ಎಣಿಕೆಪುಟ್ಟಿ. "ಈಗ ಮೂರು."

ಖಾಲಿಯಾದ ತಟ್ಟೆ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಿ ನಿಂತಿತು. "ಇದು ನಮ್ಮ ತಂದೆಯ ಕೋಟು" ಎಂದರು ಸಾಹೇಬರು ಕೊನೆಗೆ, ಯಾರೂ ಕೇಳದಿದ್ದರೂ. "ಈ ಕಡೆಯ ಯಾರೋ ದರ್ಜಿ ಹೊಲಿದದ್ದಂತೆ." ಒಂದು ಕೈಯಿಂದ ಕೋಟನ್ನು ಬಿಗಿಯಾಗಿ ಹಿಡಿದು, ಇನ್ನೊಂದರಿಂದ ಅವಸರದಲ್ಲಿ ಬರೆದರು: ಸದರಿ ಶಿಕ್ಷಕರನ್ನು ಕಾಯಂ ಮಾಡಲು ಅಡ್ಡಿಯಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಪೆಟ್ಟಿಗೆಯನ್ನು ಪರಿಶೀಲನೆಗಾಗಿ ಕಚೇರಿಗೆ ಕಳಿಸುವ ಅಗತ್ಯವಿರುವುದಿಲ್ಲ. ಮೇಷ್ಟ್ರು ಗುಂಡಿಯನ್ನು ಮುಂದೆ ಹಿಡಿದರೆ, "ಇರಲಿ, ಅಲ್ಲೇ ಇರಲಿ" ಎನ್ನುತ್ತ ಮೆಟ್ಟಿಲಿಳಿದುಬಿಟ್ಟರು.

ಮೇಷ್ಟ್ರು ಪೆಟ್ಟಿಗೆಯನ್ನು ಕೂಸಿನ ಹಾಗೆ ಅವುಚಿಕೊಂಡು ಮನೆಗೆ ಬಂದರು. ಕಾಯಂ ಆದ ಸುದ್ದಿಗೆ ಹೆಂಡತಿ ಕಣ್ಣೊರೆಸಿಕೊಂಡರು. ಅತ್ತೆ ಕಿಟಕಿಯ ಪಕ್ಕ ಕಾಲು ಚಾಚಿ ಮಲಗಿದ್ದವರು, ಅಳಿಯನ ಕಂಕುಳಿನ ಕಡೆ ನೋಡಿದರು.

"ಅಂತೂ ತಂದ್ರಲ್ಲ. ಹತ್ತು ದಿನದಿಂದ ಕಾಯ್ತಾ ಇದ್ದೆ. ಕೇಳದೆ ಒಯ್ದವರು, ಒಂದು ದಿನ ಬಾಯಿಬಿಟ್ಟು ಹೇಳ್ತಾರೆ ಅಂತ."

"ಅತ್ತೆ, ಅದು..."

"ಅದು ಅವರ ಋಣದ ಪೆಟ್ಟಿಗೆ. ಅವರು ಹೊಲಿದ ಗುಂಡಿ ನೆಲಕ್ಕೆ ಬೀಳಬಾರದು, ದರ್ಜಿಗೆ ಅವಮಾನ ಅಂತಿದ್ರು. ಸಡಿಲಾದದ್ದು ಕಂಡರೆ ಮಾತಾಡ್ತಾ ಮಾತಾಡ್ತಾ ಕಿತ್ತು ಅದರಲ್ಲಿ ಹಾಕೋರು. ದಿನಕ್ಕೆ ಒಂದೇ, ಜಾಸ್ತಿ ಆದರೆ ಯಾರದು ಅಂತ ಮರೆತುಹೋಗುತ್ತೆ. ಆಮೇಲೆ ಒಂದು ದಿನ ಕೂತು ಎಲ್ಲರದ್ದೂ ಹೊಸ ದಾರದಲ್ಲಿ ಹೊಲಿದುಕೊಡೋರು. ಒಂದು ವರ್ಷ ನನಗೆ ಅದನ್ನ ಮುಟ್ಟೋಕೆ ಆಗಲಿಲ್ಲ. ವರ್ಷ ತುಂಬಿದ ದಿನ ಶುರು ಮಾಡಿದೆ, ಡಬ್ಬಿ ತರೋ ದಿನ ದಾರೀಲಿ ಒಂದೊಂದು. ಅಷ್ಟರಲ್ಲಿ ನೀವು ಸ್ಕೂಲಿಗೆ ಒಯ್ದ್ರಿ." ಅತ್ತೆ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ಹಿಡಿದು ತಿರುಗಿಸಿ, ತಳಕ್ಕೆ ಬೆರಳು ಒತ್ತಿದರು. ತಳದ ಹಲಗೆ ಮೆಲ್ಲಗೆ ಪಕ್ಕಕ್ಕೆ ಜಾರಿತು. "ಡಬ್ಬಿ ಇಟ್ಟು ಬರುವಾಗ ಇಲ್ಲಿಂದ ಹಾಕಿ ಬರ್ತಿದ್ದೆ."

ಮೇಷ್ಟ್ರು ನೆಲದ ಮೇಲೆ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದೊಡ್ಡ ಮೇಡಂ, ಹವಾಲ್ದಾರರು, ಅಂಚೆಯವನು, ಎಲ್ಲರ ಅಂಗಿಯ ಮೇಲೂ ಆಡಿದ ಆ ಅಂಗೈಯನ್ನು ನೆನೆನೆನೆದು ನಕ್ಕರು. ನಗುತ್ತ ನಗುತ್ತ ಸ್ವಲ್ಪ ನಿಧಾನವಾದರು.

"ನಿನ್ನೆ ನೀವು ಬರಲಿಲ್ಲ ಅತ್ತೆ."

"ಮಂಡಿ ಎತ್ತೋಕೆ ಆಗ್ತಿರಲಿಲ್ಲ."

"ಹಾಗಾದರೆ ಇವತ್ತು ಹದಿನೈದೇ ಇರಬೇಕಿತ್ತು. ಇರೋದು ಹದಿನಾರು." ಮೇಷ್ಟ್ರು ನೀಲಿ ದಾರದ ಗುಂಡಿಯನ್ನು ಹೆಕ್ಕಿ ಮುಂದೆ ಹಿಡಿದರು. "ಇದು ಸಾಹೇಬರ ಕೋಟಿನದು. ಅವರು ಬಂದದ್ದೇ ಇವತ್ತು."

ಅತ್ತೆ ಅದನ್ನು ಬೆಳಕಿಗೆ ಹಿಡಿದು, ದಾರದ ಗಂಟನ್ನು ಉಗುರಿನಿಂದ ತಡವಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ. "ಅವರದೇ ಗಂಟು" ಎಂದರು. "ನಾನು ಹೋಗದ ದಿನ ಅವರೇ ಹೋಗಿರಬೇಕು. ಒಂದು ದಿನ ತಪ್ಪಿದರೂ ಅವರಿಗೆ ಆಗ್ತಿರಲಿಲ್ಲ."

ಆಮೇಲೆ ಅವರು ಗುಂಡಿಗಳನ್ನೆಲ್ಲ ಒಂದು ತಟ್ಟೆಗೆ ಸುರಿದುಕೊಂಡು, ಹೊಸ ದಾರದ ಉಂಡೆ ಬಿಚ್ಚಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಬೀದಿಯವರ ಋಣ ತೀರಿಸುವ ಕೆಲಸ ಶುರುವಾಗಬೇಕಿತ್ತು.

ಮೇಷ್ಟ್ರು ಎದ್ದು, ಹೊಲಿಗೆ ಯಂತ್ರದ ಮುಂದೆ, ಅಳತೆಯ ಪಟ್ಟಿ ನೇತಾಡುವ ಮೊಳೆಯ ಎದುರು ಕೈಮುಗಿದು ನಿಂತರು. ಹತ್ತು ದಿನ ತಡವಾಗಿ ಕೇಳಿದರು. "ಮಾವ, ಪೆಟ್ಟಿಗೆ ಒಯ್ದಿದ್ದೆ. ಸೋಮವಾರ ಮತ್ತೆ ಒಯ್ಯಲಾ? ಮಕ್ಕಳು ಕಾಯ್ತಾ ಇರ್ತಾರೆ."

ಉತ್ತರವೇನೂ ಬರಲಿಲ್ಲ. ಬರುವುದೆಂದು ಅವರೂ ಎಣಿಸಿರಲಿಲ್ಲ. ಮುಗಿದ ಕೈ ಇಳಿಸುವಾಗ ಅದು ಎದೆಗೆ ತಾಗಿತು. ಪಿನ್ನು ಚುಚ್ಚಲಿಲ್ಲ. ತಗ್ಗಿ ನೋಡಿದರೆ ಪಿನ್ನು ಇರಲಿಲ್ಲ. ಅದರ ಜಾಗದಲ್ಲಿ ಅಂಗಿಯ ಎರಡನೆಯ ಗುಂಡಿ ಕೂತಿತ್ತು. ದಾರ ಹೊಸದು, ಗಂಟು ಬಿಗಿ.

"ರೀ, ತಟ್ಟೇಲಿ ಹದಿನಾರು ಅಂದ್ರಿ" ಎಂದರು ಹೆಂಡತಿ ಎಣಿಸುತ್ತ. "ಹದಿನೈದೇ ಇದೆಯಲ್ಲ."

"ನನ್ನದನ್ನ ಆಗಲೇ ಹೊಲಿದುಬಿಟ್ರಾ ಅತ್ತೆ?" ಎಂದು ಕೇಳುತ್ತ ಮೇಷ್ಟ್ರು ತಿರುಗಿದರು.

ಕಿಟಕಿಯ ಬೆಳಕಿನಲ್ಲಿ ಅತ್ತೆ, ಕಣ್ಣು ಕಿರಿದು ಮಾಡಿಕೊಂಡು, ಮೊದಲನೆಯ ಸೂಜಿಗೆ ಇನ್ನೂ ದಾರ ಪೋಣಿಸುತ್ತಿದ್ದರು.